ಅಜ್ಜಿಯ ಉಪವಾಸ

ಭಾನುವಾರ ಬೆಳಗ್ಗೆ ನಮ್ಮನೆಯಲ್ಲಿ ಒಂದು ಜಗಳ ಖಾಯಂ. ಅಜ್ಜಿಗೆ ಸಕ್ಕರೆ ಕಾಯಿಲೆ, ಹೊತ್ತಿಗೆ ಸರಿಯಾಗಿ ತಿನ್ನಬೇಕು. ಆದರೆ ಚರ್ಚಿನಲ್ಲಿ ಪರಮಪ್ರಸಾದ ತಗೊಳ್ಳುವ ತನಕ ಒಂದು ಗುಟುಕು ನೀರನ್ನೂ ಮುಟ್ಟುವುದಿಲ್ಲ. ಮೊನ್ನೆ ಪೂಜೆಯ ಮಧ್ಯೆ ತಲೆಸುತ್ತು ಬಂದು ಕೂತುಬಿಟ್ಟರು. "ಈಗ ಆ ನಿಯಮ ಇಲ್ಲ ಅಜ್ಜಿ" ಅಂದರೆ "ನಿಮಗಿಲ್ಲ" ಅಂತಾರೆ. ಸರಿ, ಈ ನಿಯಮ ಎಲ್ಲಿಂದ ಬಂತು, ಯಾವಾಗ ಹೋಯಿತು ಅಂತ ಹುಡುಕಲು ಕೂತೆ.

ಕಥೋಲಿಕರಲ್ಲದ ಗೆಳೆಯರಿಗೆ ಒಂದು ಮಾತು. ಯೇಸು ಕೊನೆಯ ಭೋಜನದಲ್ಲಿ ರೊಟ್ಟಿ ಮುರಿದು, ಅದು ತನ್ನ ದೇಹವೆಂದು ಹೇಳಿ ಶಿಷ್ಯರಿಗೆ ಕೊಟ್ಟ. ಪರಮಪ್ರಸಾದ ಅದೇ. ನಮಗೆ ಅದು ಬರೀ ನೆನಪಿನ ಗುರುತಲ್ಲ. ನೋಟಕ್ಕೆ, ರುಚಿಗೆ ರೊಟ್ಟಿಯಾಗಿಯೇ ಉಳಿದರೂ ಪೂಜೆಯಲ್ಲಿ ಅದು ಕ್ರಿಸ್ತನೇ ಆಗುತ್ತದೆ ಅನ್ನುವುದು ನಂಬಿಕೆ. ನಮ್ಮ ಮನೆಯ ಕೊಂಕಣಿಯಲ್ಲಿ ಅದನ್ನು ಸ್ವೀಕರಿಸುವುದಕ್ಕೆ 'ಕುಮ್ಗಾರ್' ಅಂತೀವಿ, ಪೋರ್ಚುಗೀಸರು ಬಿಟ್ಟುಹೋದ ಪದ.

ಅಷ್ಟು ದೊಡ್ಡದು ಅಂದಮೇಲೆ ಭಯವೂ ಇರುತ್ತದಲ್ಲ! ಖಾಲಿ ಹೊಟ್ಟೆಯಲ್ಲೇ ತಗೋಬೇಕೆಂಬ ಪದ್ಧತಿ ಸುಮಾರು 400ರಲ್ಲಿ, ಸಂತ ಅಗಸ್ಟೀನನ ಕಾಲಕ್ಕೇ ಬೇರೂರಿತ್ತು. ಮುಂದೆ ಅದು ಮಧ್ಯರಾತ್ರಿಯಿಂದ ನೀರೂ ಕೂಡದು ಅನ್ನುವ ಕಟ್ಟುನಿಟ್ಟಾಯಿತು. ನನಗೆ ತಮಾಷೆ ಅನಿಸಿದ್ದು ಏನೆಂದರೆ, ಭಕ್ತಿ ಹೆಚ್ಚಿದಷ್ಟೂ ಜನ ದೂರ ಸರಿದರು. ಮಧ್ಯಯುಗದ ಯುರೋಪಿನಲ್ಲಿ ಪಾದ್ರಿ ಪ್ರಸಾದವನ್ನು ಎತ್ತಿ ತೋರಿಸುವ ಕ್ಷಣ ನೋಡಲು ಒಂದು ಚರ್ಚಿನಿಂದ ಇನ್ನೊಂದಕ್ಕೆ ಓಡುತ್ತಿದ್ದರಂತೆ, ತಿನ್ನುತ್ತಿದ್ದವರು ಮಾತ್ರ ಕಡಿಮೆ. ಕೊನೆಗೆ 1215ರ ಲ್ಯಾಟೆರನ್ ಸಭೆ ವರ್ಷಕ್ಕೆ ಒಮ್ಮೆಯಾದರೂ, ಈಸ್ಟರ್ ಹೊತ್ತಿಗೆ, ಪರಮಪ್ರಸಾದ ಸ್ವೀಕರಿಸಲೇಬೇಕು ಎಂದು ಕಾನೂನು ಮಾಡಬೇಕಾಯಿತು. ಊಟಕ್ಕೆ ಬನ್ನಿ ಅಂತ ಕಾನೂನು!

ಇದನ್ನು ತಿರುಗಿಸಿದ್ದು ಹತ್ತನೇ ಪಿಯುಸ್. 1905ರಲ್ಲಿ, ದಿನಾ ಬೇಕಾದರೂ ಸ್ವೀಕರಿಸಿ, ಇದು ಒಳ್ಳೆಯವರಿಗೆ ಕೊಡುವ ಬಹುಮಾನವಲ್ಲ ಎಂಬ ಅರ್ಥದ ಆದೇಶ ಹೊರಬಿತ್ತು. ಘೋರ ಪಾಪ ಇರಬಾರದು, ಉದ್ದೇಶ ಸರಿ ಇರಬೇಕು, ಅಷ್ಟೆ. ಅಲ್ಲಿಯವರೆಗೆ ಹತ್ತು ಹನ್ನೆರಡು ವರ್ಷ, ಕೆಲವೆಡೆ ಇನ್ನೂ ಹೆಚ್ಚು ಕಾಯುತ್ತಿದ್ದ ಮಕ್ಕಳಿಗೆ 1910ರಲ್ಲಿ ಸುಮಾರು ಏಳನೇ ವರ್ಷಕ್ಕೇ ಕೊಡಿ ಅಂದರು.

ಆದರೆ ಉಪವಾಸ ಹಾಗೇ ಇತ್ತು. ರಾತ್ರಿ ಪಾಳಿ ಮುಗಿಸಿ ಬರುವ ಕಾರ್ಖಾನೆಯ ಕೆಲಸಗಾರ ಮಧ್ಯರಾತ್ರಿಯಿಂದ ಏನೂ ತಿನ್ನದೆ ಹೇಗಿರಬೇಕು? (ನೈಟ್ ಶಿಫ್ಟ್ ಮಾಡಿದವರಿಗೆ ಗೊತ್ತು, ಮೂರು ಗಂಟೆಗೆ ಚಹಾ ಇಲ್ಲದಿದ್ದರೆ ಏನಾಗುತ್ತದೆ ಅಂತ.) ಹನ್ನೆರಡನೇ ಪಿಯುಸ್ 1953ರಲ್ಲಿ ನೀರು ಕುಡಿದರೆ ಉಪವಾಸ ಮುರಿಯುವುದಿಲ್ಲ ಎಂದರು, ಪಾಳಿ ಕೆಲಸದವರ ಕಷ್ಟವನ್ನೂ ಅದರಲ್ಲೇ ಬರೆದರು. ಸಂಜೆ ಪೂಜೆಗೂ ದಾರಿಯಾಯಿತು. 1957ರಲ್ಲಿ ಊಟಕ್ಕೆ ಮೂರು ಗಂಟೆಯ ಅಂತರ ಸಾಕೆಂದಾಯಿತು, 1964ರಲ್ಲಿ ಆರನೇ ಪೌಲ್ ಅದನ್ನು ಒಂದು ಗಂಟೆಗೆ ಇಳಿಸಿದರು. 1983ರ ಧರ್ಮಸಭೆಯ ಕಾನೂನಿನಲ್ಲಿ ವಯಸ್ಸಾದವರಿಗೂ ರೋಗಿಗಳಿಗೂ ಆ ಒಂದು ಗಂಟೆಯ ನಿರ್ಬಂಧವೂ ಇಲ್ಲ.

ಇದನ್ನೆಲ್ಲ ಅಜ್ಜಿಗೆ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು "ಪೋಪ್ ಬೇಡ ಅಂದದ್ದು ಭಯ. ನನಗೆ ಭಯ ಎಲ್ಲಿದೆ? ಮೊದಲು ಅವನು ಹೊಟ್ಟೆಗೆ ಬರಲಿ ಅಂತ ಅಷ್ಟೆ" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ :-)

ಈಗ ಶನಿವಾರ ಸಂಜೆಯ ಪೂಜೆಗೆ ಕರೆದುಕೊಂಡು ಹೋಗುತ್ತೇನೆ. ಮಧ್ಯಾಹ್ನ ಹೊಟ್ಟೆ ತುಂಬ ಊಟ ಮಾಡುತ್ತಾರೆ. ನಾಲ್ಕು ಗಂಟೆಗೆ ಚಹಾ ಕೊಟ್ಟರೆ ಮಾತ್ರ ಗಡಿಯಾರ ನೋಡಿ ಲೋಟ ಪಕ್ಕಕ್ಕೆ ಸರಿಸುತ್ತಾರೆ.