ಮಿಸಿಸಿಪ್ಪಿಯ ಹೊಸ ಸೇತುವೆ



ನಳನು ಐದೇ ದಿನಗಳಲ್ಲಿ ಕಡಲಿಗೆ ಸೇತುವೆ ಕಟ್ಟಿದನೆಂದು ವಾಲ್ಮೀಕಿ ರಾಮಾಯಣವು ಹೇಳುತ್ತದೆ. ನರರ ಸೇತುವೆಗಳಿಗಾದರೋ ವರ್ಷಗಳೇ ಬೇಕು. ಆದರೂ ಬೇಗನೆ ಕಟ್ಟಲೇಬೇಕಾದ ಸಂದರ್ಭಗಳು ಒದಗುವುದುಂಟು. ಅಂಥ ಒಂದರ ಚರಿತ್ರೆಯನ್ನು ಈಗ ಅರಿಕೆಮಾಡುತ್ತೇನೆ.

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಒಂದಾದ ಮಿನ್ನೆಸೋಟದಲ್ಲಿ ಮಿನಿಯಾಪೊಲಿಸ್ ನಗರವಿದೆ. ಅಲ್ಲಿ ಮಿಸಿಸಿಪ್ಪಿ ನದಿಯ ಮೇಲೆ 1967ರಲ್ಲಿ ಉಕ್ಕಿನ ಸೇತುವೆಯೊಂದು ಸಂಚಾರಕ್ಕೆ ತೆರೆಯಿತು. ಕಾಲಕ್ರಮದಲ್ಲಿ ದಿನಕ್ಕೆ ಸುಮಾರು 1,40,000 ವಾಹನಗಳು ಅದನ್ನು ದಾಟುತ್ತಿದ್ದುವು. 2007ನೆಯ ಇಸವಿ ಆಗಸ್ಟ್ 1ರ ಸಂಜೆ, ಜನರು ಕೆಲಸ ಮುಗಿಸಿ ಮನೆಗೆ ಮರಳುವ ಹೊತ್ತಿನಲ್ಲಿ, ಸೇತುವೆಯು ಕುಸಿದುಬಿದ್ದಿತು. 13 ಮಂದಿ ಮಡಿದರು. 145 ಮಂದಿ ಗಾಯಗೊಂಡರು.

ದಾರಿ ಕಡಿದುಹೋದ ನಗರವು ಹೊಸ ಸೇತುವೆಗಾಗಿ ಬಹುಕಾಲ ಕಾಯುವಂತಿರಲಿಲ್ಲ. ವಾಡಿಕೆಯಂತೆ ಮೊದಲು ನಕ್ಷೆಗಳೆಲ್ಲ ಸಿದ್ಧವಾಗಬೇಕು, ಆಮೇಲೆ ಗುತ್ತಿಗೆ, ಆಮೇಲೆ ಕೆಲಸ. ಇಲ್ಲಿ ನಕ್ಷೆಯನ್ನೂ ಕಟ್ಟಡವನ್ನೂ ಒಂದೇ ಗುತ್ತಿಗೆಯಲ್ಲಿ ಸೇರಿಸಿದರು. ಸಲ್ಲಿಕೆಯಾದ ನಾಲ್ಕು ಅಂದಾಜುಗಳಲ್ಲಿ ಆರಿಸಿದುದು ಎಲ್ಲಕ್ಕಿಂತ ಹೆಚ್ಚಿನ ಬೆಲೆಯದು. ಅದು ಕೇಳಿದ ಅವಧಿ 437 ದಿನಗಳು. ಇನ್ನೂ ಕಡಮೆ ಹಣಕ್ಕೆ, ಕಡಮೆ ದಿನಗಳಲ್ಲಿ ಮುಗಿಸುವೆವೆಂದವರೂ ಇದ್ದರು. ಆದುದರಿಂದ ಆಕ್ಷೇಪಣೆಗಳು ಎದ್ದುವು. ಗುಣವನ್ನೂ ತೂಗಿ ನೋಡಿದೆವೆಂಬುದು ಅಧಿಕಾರಿಗಳ ಸಮಾಧಾನ.

ಮೇಲಣ ಭಾಗಗಳ ನಕ್ಷೆ ಮುಗಿಯುವ ಮುನ್ನವೇ ತಳಪಾಯದ ಕೆಲಸ ಮೊದಲಾಯಿತು. ಕಂಬಗಳು ಏಳುತ್ತಿದ್ದಂತೆಯೇ, ಬರಿದಾಗಿದ್ದ ಹಳೆಯ ಹೆದ್ದಾರಿಯ ಮೇಲೆ ಕಾಂಕ್ರೀಟಿನ ಭಾರಿ ಖಂಡಗಳನ್ನು ಅಚ್ಚುಹಾಕಿದರು. ಮಿನ್ನೆಸೋಟದ ಚಳಿಗಾಲವು ನೀರನ್ನು ಹೆಪ್ಪುಗಟ್ಟಿಸುವಂಥದು. ಕಾಂಕ್ರೀಟನ್ನು ಬೆಚ್ಚಗಿರಿಸಿ ಕೆಲಸ ನಡೆಸಿದರು. ಬೇಸಗೆಯಲ್ಲಿ ಆ 120 ಖಂಡಗಳನ್ನು ದೋಣಿಗಳ ಮೇಲೆ ತಂದು, ಯಂತ್ರಗಳಿಂದ ಎತ್ತಿ, ಒಂದಕ್ಕೊಂದು ಬೆಸೆದು, 504 ಅಡಿ ಅಗಲದ ನದಿಯ ಹರವನ್ನು ದಾಟಿಸಿದರು. 2008ರ ಸೆಪ್ಟೆಂಬರ್ 18ರಂದು, ಗೊತ್ತುಮಾಡಿದ್ದ ಗಡುವಿಗಿಂತ ಮೂರು ತಿಂಗಳು ಮೊದಲೇ, ಸೇತುವೆ ತೆರೆಯಿತು.

ಹಳೆಯ ಸೇತುವೆ ಬಿದ್ದುದೇಕೆಂಬ ವಿಚಾರಣೆಯ ತೀರ್ಮಾನವು ಆ ವರ್ಷದ ನವೆಂಬರಿನಲ್ಲಿ ಹೊರಬಿದ್ದಿತು. ತೊಲೆಗಳು ಕೂಡುವೆಡೆಯಲ್ಲಿ ಬಿಗಿದಿದ್ದ ಉಕ್ಕಿನ ಕೆಲವು ಫಲಕಗಳು, ಇರಬೇಕಾದ ದಪ್ಪದಲ್ಲಿ ಅರ್ಧದಷ್ಟು ಮಾತ್ರ ಇದ್ದುವು. ನಕ್ಷೆ ಬರೆದಾಗಲೇ ಆದ ಈ ತಪ್ಪು ನಾಲ್ವತ್ತು ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ನಡುವೆ ಹಾಸಿಗೆಗೆ ಕಾಂಕ್ರೀಟು ಸೇರಿ ತೂಕ ಹೆಚ್ಚಿತ್ತು; ಕುಸಿದ ದಿನ ದುರಸ್ತಿಗೆಂದು ಮರಳು ಜಲ್ಲಿಗಳ ರಾಶಿಯೂ ಅದರ ಮೇಲಿತ್ತು.

ಇದನ್ನು ನೆನೆದರೆ ತ್ವರೆಯ ಮರ್ಮವು ತಿಳಿಯುತ್ತದೆ. ಒಂದರ ಹಿಂದೊಂದಾಗಿ ನಡೆಯುತ್ತಿದ್ದ ಕೆಲಸಗಳನ್ನು ಜೊತೆಜೊತೆಗೆ ನಡೆಸಿ ದಿನಗಳನ್ನು ಉಳಿಸಬಹುದು. ಲೆಕ್ಕವನ್ನು ಮತ್ತೊಮ್ಮೆ ನೋಡುವ ಗಳಿಗೆಯನ್ನು ಉಳಿಸಲಾಗದು. ಹೊಸ ಸೇತುವೆಯ ಒಡಲಲ್ಲಿ ಅದರ ಮೈಬಾಗು, ಬಿಸಿ, ಭಾರಗಳನ್ನು ಅಳೆಯುವ 300ಕ್ಕೂ ಹೆಚ್ಚು ಉಪಕರಣಗಳನ್ನು ಇರಿಸಿದುದು ಆ ಎಚ್ಚರದ ಗುರುತು.

ನದಿಯ ಸಮೀಪದಲ್ಲಿ 2011ರಲ್ಲಿ ಸ್ಮಾರಕವೊಂದನ್ನು ನಿಲ್ಲಿಸಿದರು. ಅಲ್ಲಿ ಕಂಬಗಳು ಹದಿಮೂರು. ಮಡಿದವರಲ್ಲಿ ಒಬ್ಬೊಬ್ಬರಿಗೆ ಒಂದೊಂದು.