ವಿಲಕ್ಷಣವೆಲ್ಲ ವಿರಳವಲ್ಲ: ನಾಣ್ಯಪರೀಕ್ಷೆಯ ಕೆಲವು ವಿಚಾರಗಳು

ಹಸ್ತಪ್ರತಿಯೊಂದರಲ್ಲಿ ಅಪರಿಚಿತ ರೂಪ ಕಂಡಾಗ ಅದು ಕವಿಪ್ರಯೋಗವೋ, ಲಿಪಿಕಾರನ ಸ್ಖಾಲಿತ್ಯವೋ, ಅಥವಾ ನಮ್ಮದೇ ಅಜ್ಞಾನವೋ ಎಂಬುದನ್ನು ನಿರ್ಧರಿಸದೆ ಗ್ರಂಥಸಂಪಾದಕನು ಮುಂದಡಿಯಿಡುವುದಿಲ್ಲ. ನಾಣ್ಯದ ವಿಷಯದಲ್ಲಿಯೂ ಇದೇ ವಿವೇಕ ಬೇಕು. ಆದರೆ ವಿಚಿತ್ರವಾಗಿ ಕಾಣುವ ನಾಣ್ಯವೊಂದು ಕೈಗೆ ಬಂದೊಡನೆ 'ಇದು ಅತ್ಯಪೂರ್ವ' ಎಂಬ ತೀರ್ಮಾನ ಪರೀಕ್ಷೆಗೆ ಮೊದಲೇ ಹುಟ್ಟಿಬಿಡುತ್ತದೆ.

ಟಿಪ್ಪು ಸುಲ್ತಾನನ ಆನೆಯ ಚಿತ್ರವಿರುವ ತಾಮ್ರದ ಪೈಸೆಯನ್ನೇ ಉದಾಹರಣೆಯಾಗಿ ನೋಡಬಹುದು. ಕೆಲವು ಪೈಸೆಗಳ ಮೇಲೆ ಪಾರಸಿ ಅಂಕಿಗಳಲ್ಲಿ 5121 ಎಂದಿರುತ್ತದೆ. ಅದನ್ನು ಮೊದಲ ಬಾರಿ ಕಂಡವರು ಕಮ್ಮಟದ ಕೆಲಸಗಾರನ ಪ್ರಮಾದವೆಂದೂ, ಆದುದರಿಂದ ಬೆಲೆಕಟ್ಟಲಾಗದ ವಸ್ತುವೆಂದೂ ಭ್ರಮಿಸುವುದು ಸಹಜ. ವಾಸ್ತವದಲ್ಲಿ ಟಿಪ್ಪು 1787ರ ಸುಮಾರಿಗೆ ಹಿಜರಿ ಶಕೆಯನ್ನು ಬಿಟ್ಟು, ಪ್ರವಾದಿಯ ಜನನದಿಂದ ಎಣಿಸುವ ಮೌಲೂದಿ ಶಕೆಯನ್ನು ಬಳಕೆಗೆ ತಂದನು. ಅದರ ವರ್ಷಗಳ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯಿಸಿದನು. ಹೀಗಾಗಿ ಅದು ಮೌಲೂದಿ 1215. ಇಲ್ಲಿ ಇನ್ನೊಂದು ಅಪಾಯವೂ ಇದೆ. ಅಂಕಿಗಳನ್ನು ಸರಿಯಾಗಿ ತಿರುಗಿಸಿ ಓದಿದವನು ಅದನ್ನು ಹಿಜರಿ ವರ್ಷವೆಂದು ತಿಳಿದರೆ ಕ್ರಿ.ಶ. 1800–01 ಬರುತ್ತದೆ. ಟಿಪ್ಪು ಮಡಿದದ್ದು 1799ರ ಮೇ 4ರಂದು. ಆಗ ಅದೇ ಅಸಲಿ ನಾಣ್ಯವನ್ನು ನಕಲಿಯೆಂದು ತಳ್ಳಿಹಾಕಬೇಕಾಗುತ್ತದೆ. ಒಬ್ಬನಿಗೆ ಅಪೂರ್ವ, ಮತ್ತೊಬ್ಬನಿಗೆ ಕೂಟ. ನಿಜದಲ್ಲಿ ಅದು ಅಸಲಿಯೂ ಹೌದು, ಸಾಮಾನ್ಯವೂ ಹೌದು. ಈ ಆನೆ ಪೈಸೆಗಳು ಹೇರಳವಾಗಿಯೇ ಉಳಿದುಬಂದಿವೆ.

ಇದರಿಂದ ತಿಳಿಯುವುದೇನೆಂದರೆ, 'ಅಸಲಿಯೇ?' ಎಂಬುದೂ 'ವಿರಳವೇ?' ಎಂಬುದೂ ಎರಡು ಬೇರೆ ಪ್ರಶ್ನೆಗಳು. ಮೊದಲನೆಯದಕ್ಕೆ ನಾಣ್ಯವೇ ಉತ್ತರ ಹೇಳಬೇಕು. ಎರಡನೆಯದಕ್ಕೆ ಅದರ ಸಜಾತೀಯ ನಾಣ್ಯಗಳ ಸಂಖ್ಯೆ ಉತ್ತರ ಹೇಳಬೇಕು. ಟಿಪ್ಪುವಿನ ನಾಣ್ಯಗಳಲ್ಲಿಯೂ ಕಮ್ಮಟ ಮತ್ತು ವರ್ಷ ಎರಡನ್ನೂ ಜೋಡಿಸಿ ನೋಡಿದಾಗಲೇ ಕೆಲವು ವಿರಳವೆನ್ನಿಸುತ್ತವೆ. ಅದಕ್ಕೆ ಹೆಂಡರ್ಸನ್ 1921ರಲ್ಲಿ ಪ್ರಕಟಿಸಿದ ಹೈದರ್-ಟಿಪ್ಪು ನಾಣ್ಯಸೂಚಿಯಂಥ ಗ್ರಂಥದೊಡನೆ ಹೋಲಿಸುವುದೇ ದಾರಿ.

ನಾಣ್ಯವನ್ನು ಪರೀಕ್ಷಿಸುವ ಶಾಸ್ತ್ರ ನಮಗೆ ಹೊಸತೇನೂ ಅಲ್ಲ. ದೆಹಲಿಯ ಟಂಕಸಾಲೆಯಲ್ಲಿ ಅನುಭವ ಪಡೆದ ಜೈನ ವಿದ್ವಾಂಸ ಠಕ್ಕುರ ಫೇರು 1318ರಲ್ಲಿ 'ದ್ರವ್ಯಪರೀಕ್ಷಾ' ಎಂಬ ಗ್ರಂಥವನ್ನು ರಚಿಸಿದನು. ಲೋಹಶೋಧನೆಯ ಕ್ರಮವನ್ನೂ, ದೆಹಲಿ, ಗುಜರಾತು, ಮಾಳವ ಮೊದಲಾದ ಪ್ರದೇಶಗಳ ನಾಣ್ಯಗಳ ತೂಕ, ಲೋಹಾಂಶ ಮತ್ತು ಮೌಲ್ಯಗಳನ್ನೂ ಅದು ನಿರೂಪಿಸುತ್ತದೆ. ಫೇರುವಿನ ದೃಷ್ಟಿ ನಾಣ್ಯದ ಸೊಬಗಿಗಿಂತ ಅದರ ಒಡಲಿನ ಮೇಲಿದೆ. ತೂಗು, ಕರಗಿಸು, ಲೆಕ್ಕ ಹಾಕು ಎಂಬುದು ಅವನ ಮಾರ್ಗ. ಇಂದು ನಾವು ಕರಗಿಸಬೇಕಾಗಿಲ್ಲ. ನೀರಿನಲ್ಲಿ ತೂಗಿದರೆ ಸಾಪೇಕ್ಷ ಸಾಂದ್ರತೆ ತಿಳಿಯುತ್ತದೆ: ಚಿನ್ನಕ್ಕೆ ಸುಮಾರು 19.3, ಬೆಳ್ಳಿಗೆ 10.5, ತಾಮ್ರಕ್ಕೆ 8.9.

ತೂಕದ ಬಳಿಕ ಬರುವುದು ಇತಿಹಾಸದ ಒರೆಗಲ್ಲು. ಶ್ರೀರಾಮ ಪಟ್ಟಾಭಿಷೇಕದ ಅಥವಾ ಹನುಮಂತನ ಚಿತ್ರವಿದ್ದು, ಈಸ್ಟ್ ಇಂಡಿಯಾ ಕಂಪನಿಯ ಹೆಸರೂ 'ಅರ್ಧ ಆಣೆ, 1616' ಅಥವಾ 'ಒಂದಾಣೆ, 1818' ಎಂಬ ಬರಹವೂ ಇರುವ ಬಿಲ್ಲೆಗಳು ಊರೂರಿನ ಸಂತೆಗಳಲ್ಲಿ ದೊರೆಯುತ್ತವೆ. ಅವುಗಳಿಗೆ ಲಕ್ಷಗಟ್ಟಲೆ ಬೆಲೆಯಿದೆಯೆಂದು ನಂಬಿ ಹಣ ಕಳೆದುಕೊಂಡವರು ಕಡಿಮೆಯಿಲ್ಲ. 1616ರಲ್ಲಿ ಇಂಗ್ಲೆಂಡಿನ ರಾಯಭಾರಿ ಥಾಮಸ್ ರೋ ಅಜ್ಮೀರದಲ್ಲಿ ಜಹಾಂಗೀರನ ಮುಂದೆ ವ್ಯಾಪಾರದ ಸವಲತ್ತುಗಳಿಗಾಗಿ ಬಿನ್ನಹ ಮಾಡಿಕೊಳ್ಳುತ್ತಿದ್ದನು. ಅನುಮತಿಯನ್ನೇ ಬೇಡುತ್ತಿದ್ದ ಕಂಪನಿ ಈ ನೆಲದಲ್ಲಿ ಅರ್ಧ ಆಣೆಯನ್ನು ಟಂಕಿಸುವುದು ಹೇಗೆ? ಒಂದಾಣೆಯ ನಾಣ್ಯ ಸಾರ್ವತ್ರಿಕ ಚಲಾವಣೆಗೆ ಬಂದದ್ದು 1907ರಲ್ಲಿ. ಹಾಗೆಂದು ರಾಮಟಂಕಗಳೆಲ್ಲ ಮೋಸವೆಂದಲ್ಲ. ಪೂಜೆಗಾಗಿ ಮಾಡಿಸಿದ ಹಳೆಯ ರಾಮಟಂಕಗಳ ಪರಂಪರೆ ಬೇರೆ. ಅವು ಭಕ್ತಿಯ ವಸ್ತುಗಳು, ಚಲಾವಣೆಯ ನಾಣ್ಯಗಳಲ್ಲ.

ಮೂರನೆಯದು ಲಿಪಿ. ಸಾಹಿತ್ಯದ ವಿದ್ಯಾರ್ಥಿಗಳು ನೆರವಾಗಬಲ್ಲದ್ದು ಇಲ್ಲಿಯೇ. ಹೊಯ್ಸಳ ವಿಷ್ಣುವರ್ಧನನ ಚಿನ್ನದ ಗದ್ಯಾಣಗಳ ಹಿಮ್ಮುಖದಲ್ಲಿ 'ಶ್ರೀ ತಳಕಾಡುಗೊಂಡ', 'ಶ್ರೀ ನೊಣಂಬವಾಡಿಗೊಂಡ' ಎಂಬ ಕನ್ನಡ ಬರಹಗಳಿವೆ. ತೂಕ ಸುಮಾರು 4 ಗ್ರಾಂ. ತಳಕಾಡಿನ ವಿಜಯಕ್ಕೆ ಶಾಸನಗಳಷ್ಟೇ ಈ ನಾಣ್ಯಗಳೂ ಸಾಕ್ಷಿ. ಹೊಸ ಬಿರುದೊಂದನ್ನು ಹೊತ್ತ ಗದ್ಯಾಣ ದೊರೆತರೆ, ಅದರ ಅಕ್ಷರಗಳು ಹನ್ನೆರಡನೆಯ ಶತಮಾನದ ಶಾಸನಗಳ ಅಕ್ಷರಗಳನ್ನು ಹೋಲುತ್ತವೆಯೇ ಎಂದು ಮೊದಲು ನೋಡಬೇಕು. ಇಂದಿನ ಅಚ್ಚಿನ ತಲೆಕಟ್ಟನ್ನು ಹೊತ್ತ ಅಕ್ಷರ ಕೂಟಗಾರನನ್ನು ಹಿಡಿದುಕೊಡುತ್ತದೆ.

ಕೊನೆಯದು ತಯಾರಿಕೆಯ ಕುರುಹು. ಅಚ್ಚಿನಿಂದ ಬಡಿದ ನಾಣ್ಯದ ಅಕ್ಷರಗಳ ಅಂಚು ಚುರುಕಾಗಿರುತ್ತದೆ. ಎರಕದ ನಕಲಿನಲ್ಲಿ ಅದು ಮೊಂಡಾಗಿ, ಮೈಮೇಲೆ ಗಾಳಿಗುಳ್ಳೆಯ ಕುಳಿಗಳೂ ಅಂಚಿನಲ್ಲಿ ಬೆಸುಗೆಯ ಗೆರೆಯೂ ಉಳಿಯುತ್ತವೆ. ಒಂದೇ ಅಚ್ಚಿನಿಂದ ಕೈಯಲ್ಲಿ ಬಡಿದ ಎರಡು ನಾಣ್ಯಗಳಲ್ಲಿ ಚಿತ್ರ ಒಂದೇ ಆದರೂ ಅಂಚಿನ ಬಿರುಕು, ಚಿತ್ರದ ಓರೆ ಬೇರೆಬೇರೆಯೇ. ಬಿರುಕೂ ಒಂದೇ ಎಂದಾದರೆ ಎರಡರಲ್ಲಿ ಒಂದಾದರೂ ಎರಕದ್ದು, ಎರಡೂ ಆಗಿದ್ದೀತು. ಈ ಕುರುಹುಗಳು ಉಳಿಯಬೇಕಾದರೆ ಹುಣಸೆಹಣ್ಣಿನಿಂದ ನಾಣ್ಯವನ್ನು ಉಜ್ಜುವ ಅಭ್ಯಾಸವನ್ನು ಬಿಡಬೇಕು. ಉಜ್ಜಿದಾಗ ಕಿಲುಬಿನೊಡನೆ ಸಾಕ್ಷ್ಯವೂ ಅಳಿಯುತ್ತದೆ.

ಇಷ್ಟು ಎಚ್ಚರ ಏಕೆಂದರೆ, ಕೂಟನಾಣ್ಯವನ್ನು ಕೊಂಡವನ ನಷ್ಟ ಅವನೊಬ್ಬನದು; ಅದನ್ನು ನಂಬಿ ಬರೆದ ಪ್ರಬಂಧದ ನಷ್ಟ ಮುಂದಿನ ಓದುಗರೆಲ್ಲರದು. ಇಲ್ಲದ ಬಿರುದು, ನಡೆಯದ ವಿಜಯ, ಇರದಿದ್ದ ಕಮ್ಮಟ ಒಮ್ಮೆ ಅಡಿಟಿಪ್ಪಣಿಯನ್ನು ಸೇರಿದರೆ ಅಲ್ಲಿಂದ ಹೊರಡಿಸುವುದು ಕಷ್ಟ. ಅಜ್ಜಿಯ ಪೆಟ್ಟಿಗೆಯಲ್ಲಿ ಸಿಕ್ಕ ಆನೆ ಪೈಸೆ ವಿರಳವಲ್ಲವೆಂದು ತಿಳಿದಾಗ ನಿರಾಶೆಯಾಗುವುದು ನಿಜ. ಆದರೆ ಶ್ರೀರಂಗಪಟ್ಟಣದ ಪೇಟೆಯಲ್ಲಿ ಯಾರೋ ಉಪ್ಪಿಗೋ ಎಣ್ಣೆಗೋ ತೆತ್ತಿರಬಹುದಾದ ಆ ಸಾಮಾನ್ಯ ಪೈಸೆ ಇತಿಹಾಸಕಾರನಿಗೆ ಸುಳ್ಳು ಹೇಳುವುದಿಲ್ಲ.