ಪಾರ್ಶ್ವವಾಯು ಮರುಕಳಿಕೆ ತಡೆಯುವ ಔಷಧಗಳು

ಒಮ್ಮೆ ಪಾರ್ಶ್ವವಾಯು (ಲಕ್ವ) ಹೊಡೆದವರಿಗೆ ಅದು ಮತ್ತೆ ಬಾರದಂತೆ ದಿನವೂ ಕೊಡುವ ಮಾತ್ರೆಗಳು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್, ಕ್ಲೊಪಿಡೊಗ್ರೆಲ್, ಬಿ.ಪಿ. ಮಾತ್ರೆ, ಕೊಬ್ಬಿಳಿಸುವ ಸ್ಟ್ಯಾಟಿನ್ ಇವುಗಳಲ್ಲಿ ಮುಖ್ಯ.

ಜರ್ಮನಿಯ ಬಾಯರ್ ಕಂಪನಿ 1899ರಲ್ಲಿ ಹೆಸರಿಟ್ಟು ಮಾರಿದ ಆಸ್ಪಿರಿನ್ ಅರ್ಧ ಶತಮಾನ ತಲೆನೋವು, ಜ್ವರದ ಗುಳಿಗೆಯಾಗಿಯೇ ಉಳಿಯಿತು. ಟಾನ್ಸಿಲ್ ತೆಗೆಸಿಕೊಂಡು ಆಸ್ಪಿರಿನ್ ಚೂಯಿಂಗ್ ಗಮ್ ಅಗಿಯುತ್ತಿದ್ದವರಲ್ಲಿ ರಕ್ತಸ್ರಾವ ಹೆಚ್ಚಾಗುವುದನ್ನು ಕಂಡವರು ಕ್ಯಾಲಿಫೋರ್ನಿಯಾದ ಗ್ಲೆಂಡೇಲ್‌ನ ವೈದ್ಯ ಲಾರೆನ್ಸ್ ಕ್ರೇವನ್. ರಕ್ತ ಹರಿಸುವ ಗುಳಿಗೆ ಹೃದಯಾಘಾತ ತರುವ ಹೆಪ್ಪನ್ನೂ ತಡೆದೀತು ಎಂದು ಊಹಿಸಿ, ತಮ್ಮ ರೋಗಿಗಳಿಗೆ ಅದನ್ನು ಕೊಡತೊಡಗಿದರು. 1956ರ ಲೇಖನದಲ್ಲಿ ಮೆದುಳಿನ ಹೆಪ್ಪಿಗೂ ಇದೇ ಮದ್ದೆಂದರು. ಮಾತ್ರೆ ಕೊಡದೆ ಹೋಲಿಸಿ ನೋಡಿದ ಗುಂಪಿರಲಿಲ್ಲ, ಪ್ರಕಟವಾದದ್ದು ಸಣ್ಣ ಪತ್ರಿಕೆಯಲ್ಲಿ, ಯಾರೂ ಕಿವಿಗೊಡಲಿಲ್ಲ. ಮರುವರ್ಷ ಕ್ರೇವನ್ ಹೃದಯಾಘಾತದಿಂದಲೇ ತೀರಿಕೊಂಡರು. ಊಹೆ ಮಾತ್ರ ಸರಿಯಿತ್ತು. ರಕ್ತ ಹೆಪ್ಪುಗಟ್ಟುವುದರಲ್ಲೂ ಪಾತ್ರವಿರುವ ಪ್ರೋಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ ದೇಹದಲ್ಲಿ ತಯಾರಾಗದಂತೆ ಆಸ್ಪಿರಿನ್ ತಡೆಯುತ್ತದೆಂದು 1971ರಲ್ಲಿ ತೋರಿಸಿದ ಜಾನ್ ವೇನ್ 1982ರ ನೊಬೆಲ್ ಹಂಚಿಕೊಂಡರು.

ಪುರಾವೆ ಸಿಕ್ಕಿದ್ದು ಕೆನಡಾದಲ್ಲಿ. ಹೆನ್ರಿ ಬಾರ್ನೆಟ್ ಮುಂದಾಳುತನದಲ್ಲಿ, ಲಕ್ವದ ಮುನ್ಸೂಚನೆ ಕಂಡಿದ್ದ 585 ಮಂದಿಯ ಮೇಲೆ ನಡೆದ ಪರೀಕ್ಷೆಯ ಫಲ 1978ರಲ್ಲಿ ಹೊರಬಂತು: ಆಸ್ಪಿರಿನ್ ಲಕ್ವ ಅಥವಾ ಸಾವನ್ನು ಶೇ. 31ರಷ್ಟು ತಗ್ಗಿಸಿತ್ತು. ಆದರೆ ಲಾಭ ಕಂಡದ್ದು ಗಂಡಸರಲ್ಲಿ ಮಾತ್ರ. ಪರೀಕ್ಷೆಯಲ್ಲಿದ್ದ ಹೆಂಗಸರೇ ಕಡಿಮೆ ಎಂಬುದನ್ನು ಬದಿಗಿಟ್ಟು, ಅಮೆರಿಕದ ಔಷಧ ನಿಯಂತ್ರಕರು 1980ರಲ್ಲಿ ಗಂಡಸರಿಗಷ್ಟೇ ಒಪ್ಪಿಗೆ ಕೊಟ್ಟರು. ಹೆಂಗಸರ ಹೆಸರು ಸೇರಿದ್ದು 1998ರಲ್ಲಿ. ಸಣ್ಣ ಲೆಕ್ಕದಿಂದ ದೊಡ್ಡ ತೀರ್ಮಾನಕ್ಕೆ ಹಾರಿದ್ದರ ಫಲವಿದು.

ಇನ್ನೊಂದು ತೊಡಕಿತ್ತು. ರಕ್ತನಾಳ ಕಟ್ಟಿಕೊಂಡು ಬಂದ ಲಕ್ವಕ್ಕೆ ಮದ್ದಾಗುವುದು, ನಾಳ ಒಡೆದು ಬಂದ ಲಕ್ವಕ್ಕೆ ಕೇಡಾಗಬಹುದು. ಹೊರಗಿನಿಂದ ಎರಡೂ ಒಂದೇ. 1971ರಲ್ಲಿ ಲಂಡನ್ನಿನಲ್ಲಿ ಮೊದಲ ರೋಗಿಯ ತಲೆಯನ್ನು ಚಿತ್ರಿಸಿದ ಸಿ.ಟಿ. ಸ್ಕ್ಯಾನ್ ಈ ಕುರುಡಾಟವನ್ನು ನಿಲ್ಲಿಸಿತು.

ಮುಂದಿನ ಮೈಲುಗಲ್ಲುಗಳು ಒಂದೊಂದಾಗಿ ಬಂದವು. ಹೃದಯದ ತಾಳ ತಪ್ಪಿ (ಏಟ್ರಿಯಲ್ ಫಿಬ್ರಿಲೇಷನ್) ಲಕ್ವಕ್ಕೀಡಾದವರಲ್ಲಿ, ಹೆಪ್ಪು ತಡೆಯುವ ವಾರ್ಫರಿನ್ ಬಗೆಯ ಮದ್ದು ಮರುಕಳಿಕೆಯನ್ನು ವರ್ಷಕ್ಕೆ ಶೇ. 12ರಿಂದ 4ಕ್ಕೆ ಇಳಿಸಿತೆಂದು 1993ರ ಯುರೋಪಿನ ಅಧ್ಯಯನ ತೋರಿಸಿತು. ಬಿ.ಪಿ. ಹೆಚ್ಚಿಲ್ಲದ ರೋಗಿಗಳಿಗೂ ಅದನ್ನು ಇಳಿಸಿದರೆ ಲಾಭವೆಂದು 2001ರ ‘ಪ್ರೋಗ್ರೆಸ್’ ಅಧ್ಯಯನ ತಿಳಿಸಿತು. ಸಣ್ಣ ಲಕ್ವವಾದ ಒಂದು ದಿನದೊಳಗೇ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಎರಡನ್ನೂ ಆರಂಭಿಸಿ, 21 ದಿನವಾದ ಮೇಲೆ ಒಂದನ್ನಷ್ಟೇ ಮುಂದುವರಿಸುವ ಕ್ರಮ 2013ರ ಚೀನಾದ ‘ಚಾನ್ಸ್’ ಅಧ್ಯಯನದ ಕೊಡುಗೆ.

ಇಷ್ಟಾದರೂ ಮಾತ್ರೆ ಎಲ್ಲ ರೋಗಿಗಳ ಮನೆ ತಲುಪಿಲ್ಲ. ಲಕ್ವ ಅಥವಾ ಹೃದ್ರೋಗ ಆಗಿದ್ದವರಲ್ಲಿ ಆಸ್ಪಿರಿನ್ ಬಗೆಯ ಮದ್ದು ನುಂಗುತ್ತಿದ್ದವರು ಶ್ರೀಮಂತ ದೇಶಗಳಲ್ಲಿ ಶೇ. 62, ಭಾರತವೂ ಸೇರಿದ್ದ ಬಡದೇಶಗಳ ಗುಂಪಿನಲ್ಲಿ ಶೇ. 8.8 ಎಂದು 2011ರ ‘ಪ್ಯೂರ್’ ಸಮೀಕ್ಷೆ ದಾಖಲಿಸಿದೆ.